ಬಿಸಿಗಾಳಿಯ ಹೊರದಾರಿ

ಭಟ್ಕಳದಿಂದ ಬೆಳಗಿನ ಹತ್ತು ಗಂಟೆಗೆ ಹೊರಟು, ಶಿರಾಲಿ, ಮುರ್ಡೇಶ್ವರದ ಕ್ರಾಸು, ಮಂಕಿಗಳನ್ನು ಹಿಂದಿಕ್ಕಿ, ಕಾಸರಕೋಡನ್ನು ಕಳೆದು ಶರಾವತಿಯ ಸೇತುವೆಯನ್ನು ಸೇರುವ ಹೊತ್ತಿಗೆ, ನನ್ನ ಎರಡು ಆಸನಗಳ ತೆರೆದ ಕಾರಿನ ಉಷ್ಣಮಾಪಕದ ಮುಳ್ಳು ಕಳೆದ ವರ್ಷದ ಬೇಸಗೆಯುದ್ದಕ್ಕೂ ಒಂದು ವಿಲಕ್ಷಣ ಸ್ವಭಾವವನ್ನು ತೋರುತ್ತಿದ್ದಿತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನಡುಗೆರೆಯ ಮೇಲೆ ನಿಶ್ಚಲವಾಗಿರುತ್ತಿದ್ದ ಅದು, ರಸ್ತೆ ತೆರವಾಗಿ ವೇಗ 80ಕ್ಕೆ ಏರಿದೊಡನೆ, ಮುಖಕ್ಕೆ ಬಡಿಯುವ ಗಾಳಿ ಇಮ್ಮಡಿಯಾದಾಗಲೂ, ಕೆಳಗಿಳಿಯುವುದನ್ನು ಬಿಟ್ಟು ನಿಧಾನವಾಗಿ ಕೆಂಪು ಗೆರೆಯ ಕಡೆಗೆ ಸರಿಯುತ್ತಿದ್ದಿತು. ವೇಗ ಹೆಚ್ಚಿದಾಗ ಎಂಜಿನ್ನು ಹೆಚ್ಚು ಶಾಖವನ್ನು ಹುಟ್ಟಿಸುವುದು ನಿಜ. ಆದರೆ ಆ ಶಾಖವನ್ನು ಹೊತ್ತೊಯ್ಯುವ ಗಾಳಿಯೂ ಅದರೊಡನೆ ಹೆಚ್ಚಬೇಕಾದುದು ನ್ಯಾಯ. ಹೆಚ್ಚುತ್ತಿಲ್ಲವೆಂದಾದರೆ, ಬಂದ ಗಾಳಿ ಎಲ್ಲಿಯೋ ತಡೆದು ನಿಂತಿದೆಯೆಂದೇ ತಿಳಿಯಬೇಕು.

ಇಂತಹ ಸಂದರ್ಭದಲ್ಲಿ ಉಪದೇಶಗಳಿಗೆ ಕೊರತೆಯಿರುವುದಿಲ್ಲ. ರೇಡಿಯೇಟರನ್ನು ದೊಡ್ಡದು ಮಾಡಿಸಿರೆಂದರು ಒಬ್ಬರು. ಥರ್ಮೋಸ್ಟಾಟನ್ನೇ ಕಿತ್ತುಬಿಡಿರೆಂದರು ಇನ್ನೊಬ್ಬರು. ನಾನಾದರೋ ಬಹುಕಾಲದಿಂದ ಕಾರುಪ್ರಿಯರ ನಡುವೆ ರೂಢಿಯಲ್ಲಿರುವ ಒಂದು ಉಪಾಯವನ್ನು, ಅದರ ಯುಕ್ತಾಯುಕ್ತತೆಯನ್ನು ವಿಚಾರಿಸದೆ, ಕೈಗೊಂಡೆನು. ಬಾನೆಟ್ಟಿನ ಹಿಂಭಾಗದ ಕೀಲುಗಳ ಅಡಿಗೆ ದಪ್ಪ ವಾಷರುಗಳನ್ನು ಇಟ್ಟು, ಮುಂದಿನ ಗಾಜಿನ ಬುಡದಲ್ಲಿ ಬಾನೆಟ್ಟು ಎರಡು ಬೆರಳಿನಷ್ಟು ಎದ್ದು ನಿಲ್ಲುವಂತೆ ಮಾಡಿದೆನು. ಕಾರು ನಿಂತಿದ್ದಾಗ ಆ ಸಂದಿಯಿಂದ ಬಿಸಿಗಾಳಿ ಕಣ್ಣಿಗೆ ಕಾಣುವಂತೆ ಕಂಪಿಸುತ್ತ ಮೇಲೇರುತ್ತಿದ್ದಿತು. ಅದನ್ನು ಕಂಡು ನನಗೆ ಸಂತೋಷವಾಯಿತು. ಮರುದಿನ ಕುಮಟೆಗೆ ಹೋಗುವಾಗ, ಹಳದೀಪುರದ ನೇರ ರಸ್ತೆಯಲ್ಲಿ, ಮುಳ್ಳು ಹಿಂದೆಂದಿಗಿಂತಲೂ ಬೇಗ ಮೇಲೇರಿತು.

ಈ ವೈಚಿತ್ರ್ಯದ ಕಾರಣವನ್ನು ಚಿಂತಿಸುತ್ತಿದ್ದಾಗ ನನಗೆ ನೆನಪಾದುದು ಬಾಲ್ಯದಲ್ಲಿ ಕಂಡ ಆಲೆಮನೆಯ ಒಲೆ. ಕೊಪ್ಪರಿಗೆಯ ಕೆಳಗೆ ನೆಲದಲ್ಲಿ ತೋಡಿದ ಆ ಒಲೆಗೆ ಮುಂದೆ ಕಬ್ಬಿನ ಸಿಪ್ಪೆಯನ್ನು ನೂಕುವ ಬಾಯಿ, ಹಿಂದೆ ಹೊಗೆ ಹೋಗುವ ಗಂಡಿ. ಒಮ್ಮೆ ಹಿಂದಿನ ಗಂಡಿ ಬೂದಿಯಿಂದ ಮುಚ್ಚಿಕೊಂಡುಬಿಟ್ಟಿತು. ಆಗ ಬೆಂಕಿ ಮುಂದಿನ ಬಾಯಿಯಿಂದಲೇ ನಾಲಗೆ ಚಾಚಿ, ಸಿಪ್ಪೆ ನೂಕುತ್ತಿದ್ದವನ ರೆಪ್ಪೆಯ ಕೂದಲನ್ನು ಸುಟ್ಟಿತಲ್ಲದೆ, ಕೊಪ್ಪರಿಗೆಯ ಹಾಲು ಕುದಿಯುವುದನ್ನೂ ನಿಲ್ಲಿಸಿತು. ಬಾಯಿಯನ್ನು ಎಷ್ಟು ಅಗಲಿಸಿದರೂ ಅಂದು ಒಲೆ ಉರಿಯುತ್ತಿರಲಿಲ್ಲ. ಕಾರಿನ ಮುಂಭಾಗವೂ ಹೀಗೆಯೇ ಒಂದು ಒಲೆ. ಜಾಲರಿಯ ಮೂಲಕ ಬಂದ ಗಾಳಿ ರೇಡಿಯೇಟರನ್ನು ಹಾಯ್ದು, ಕಾದು, ಉಬ್ಬಿ, ಎಂಜಿನ್ನಿನ ಸುತ್ತಣ ಇಕ್ಕಟ್ಟಾದ ಕೋಣೆಯನ್ನು ತುಂಬಿಕೊಳ್ಳುತ್ತದೆ. ಅಲ್ಲಿಂದ ಹೊರಡಲು ದಾರಿಯಿಲ್ಲದಿದ್ದರೆ ಅಲ್ಲಿಯ ಒತ್ತಡ ಏರಿ, ಹಿಂದಿನಿಂದ ಬರತಕ್ಕ ಗಾಳಿಯನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಕಿಂಡಿ ಕೊರೆಯುವ ಉತ್ಸಾಹವುಳ್ಳವರೆಲ್ಲ ಗಾಳಿಯನ್ನು ಒಳಗೆ ತರುವ ಚಿಂತೆಯಲ್ಲಿಯೇ ಇರುತ್ತಾರೆ. ಹೊರಗೆ ಕಳುಹಿಸುವ ಚಿಂತೆಯಲ್ಲಿ ಇರುವವರನ್ನು ನಾನು ಬಹಳ ಮಂದಿಯನ್ನು ಕಂಡಿಲ್ಲ.

ಹೊರದಾರಿ ಎಲ್ಲಿರಬೇಕೆಂಬುದನ್ನು ಊಹೆಯಿಂದ ನಿರ್ಣಯಿಸಲಾಗದು; ಅದನ್ನು ಗಾಳಿಯನ್ನೇ ಕೇಳಿ ತಿಳಿಯತಕ್ಕದ್ದು. ನಮ್ಮ ಮನೆಯಲ್ಲಿ ಹಳೆಯ ಸ್ವೆಟರೊಂದನ್ನು ಬಿಚ್ಚಿದ ಕೆಂಪು ಉಣ್ಣೆಯ ದಾರವಿದ್ದಿತು. ಅದನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ, ಬಾನೆಟ್ಟಿನ ಮೇಲೆಯೂ ಎರಡು ಮಡ್‌ಗಾರ್ಡುಗಳ ಮೇಲೆಯೂ ಗೇಣಿಗೊಂದರಂತೆ ಟೇಪಿನಿಂದ ಅಂಟಿಸಿ, ಒಂದು ಭಾನುವಾರ ಬೆಳಗಿನ ಆರು ಗಂಟೆಗೆ, ಲಾರಿಗಳ ಸಂಚಾರ ವಿರಳವಾಗಿದ್ದ ಹೊತ್ತಿನಲ್ಲಿ, ಕರ್ಕಿಯಿಂದ ಹಳದೀಪುರದವರೆಗೆ ಕಾರನ್ನು ಓಡಿಸಿದೆನು. ತಂಗಿಯ ಮಗ ತನ್ನ ಗೆಳೆಯನ ಕಾರಿನಲ್ಲಿ ಕುಳಿತು, ಪಕ್ಕದಲ್ಲಿಯೇ ಬರುತ್ತ, ದಾರಗಳ ಚಲನೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡನು. ಮುಂದಿನ ತುದಿಯ ದಾರಗಳು ಬಾನೆಟ್ಟಿಗೆ ಎಳೆದು ಕಟ್ಟಿದಂತೆ ನೇರವಾಗಿ ಹಿಂದಕ್ಕೆ ಮಲಗಿದ್ದುವು; ನಡುವಿನವು ತುಸು ತುಯ್ಯುತ್ತಿದ್ದುವು. ಗಾಜಿನ ಸಮೀಪದವುಗಳ ನಡತೆಯೇ ಬೇರೆ. ಹಳದೀಪುರದಲ್ಲಿ ಕಾರು ನಿಲ್ಲಿಸಿದೊಡನೆ ಹುಡುಗನು ಓಡಿಬಂದು, “ಮಾವಾ, ಗಾಜಿನ ಬುಡದ ದಾರ ಎಲ್ಲಾ ತಿರುಗಿ ಮುಂದೆ ನೋಡ್ತಾ ಇದ್ದು!” ಎಂದನು. ಗಾಳಿ ಬಾನೆಟ್ಟಿನ ಮೇಲಿಂದ ಜಾರಿಬಂದು, ನಿಂತ ಗಾಜಿಗೆ ಢಿಕ್ಕಿ ಹೊಡೆದು, ಅಲ್ಲಿಯೇ ರಾಶಿಗೊಂಡು, ತಿರುಗಿ ಮುಂದಕ್ಕೆ ಉರುಳುತ್ತಿದ್ದಿತು. ಅಂತಹ ಸ್ಥಳದಲ್ಲಿ ಬಾನೆಟ್ಟನ್ನು ಎತ್ತಿಟ್ಟುದರಿಂದ ನಾನು ಬಿಸಿಗಾಳಿಗೆ ದಾರಿ ಕೊಟ್ಟಿರಲಿಲ್ಲ. ತುಂಬಿದ ಕೋಣೆಗೆ ಇನ್ನೊಂದು ಕಡೆಯಿಂದಲೂ ಗಾಳಿಯನ್ನು ನೂಕಿದ್ದೆನು. ವಾಷರುಗಳನ್ನು ಅಂದೇ ತೆಗೆದುಹಾಕಿದೆನು.

ದಾರಗಳು ದಿಕ್ಕನ್ನು ಹೇಳುತ್ತವೆ, ಬಲವನ್ನು ಹೇಳುವುದಿಲ್ಲ. ಬಲವನ್ನು ತಿಳಿಯಲು ನಾನು ಬಳಸಿದುದು, ಗಾರೆಯವರು ಗೋಡೆಯ ಮಟ್ಟ ನೋಡುವುದಕ್ಕೆ ಇಟ್ಟುಕೊಳ್ಳುವ ಪಾರದರ್ಶಕ ಪೈಪು. ಅದನ್ನು ಬೋಗುಣಿಯ ಆಕಾರಕ್ಕೆ ಬಾಗಿಸಿ ಒಂದು ಹಲಗೆಗೆ ಕಟ್ಟಿ, ಹಿಂದೆ ಮಿಲಿಮೀಟರಿನ ಕಾಗದವನ್ನು ಅಂಟಿಸಿ, ಒಳಗೆ ಅರಿಸಿನ ಸುಣ್ಣಗಳ ಓಕುಳಿಯನ್ನು ಸೋಸಿ ತುಂಬಿದರೆ, ಸಾವಿರಾರು ರೂಪಾಯಿಯ ಉಪಕರಣ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯನ್ನು ಪೂರ್ಣವಾಗಿ ತಡೆದು ನಿಲ್ಲಿಸಿದರೆ ಹುಟ್ಟುವ ಒತ್ತಡ ಸುಮಾರು 30 ಮಿಲಿಮೀಟರ್ ನೀರಿನಷ್ಟು ಮಾತ್ರ. ವೇಗ 100ಕ್ಕೆ ಏರಿದರೆ 47ರಷ್ಟು. ನಮ್ಮ ಸಮಸ್ತ ವ್ಯವಹಾರವೂ ನಡೆಯಬೇಕಾದುದು ಈ ಅತ್ಯಲ್ಪ ಬಂಡವಾಳದಲ್ಲಿ. ಪೈಪಿನ ಒಂದು ತುದಿಯನ್ನು ರೇಡಿಯೇಟರಿನ ಮುಂದೆಯೂ ಇನ್ನೊಂದನ್ನು ಹಿಂದೆಯೂ ಕಟ್ಟಿ ನೋಡಿದಾಗ, ಆ 30ರಲ್ಲಿ ರೇಡಿಯೇಟರನ್ನು ದಾಟುವುದಕ್ಕೆ ಉಪಯೋಗವಾಗುತ್ತಿದ್ದುದು ಕೇವಲ 11. ತರುವಾಯ ಒಂದು ತುದಿಯನ್ನು ಎಂಜಿನ್ನಿನ ಕೋಣೆಯೊಳಗೆ ಇಟ್ಟು, ಇನ್ನೊಂದನ್ನು ಬಾನೆಟ್ಟಿನ ಮೇಲ್ಮೈಯಲ್ಲಿ ಒಂದೊಂದು ಸ್ಥಳಕ್ಕೆ ಸರಿಸುತ್ತ ಹೋದೆನು. ಮುಂದಿನ ತುದಿಯಿಂದ ಒಂದು ಗೇಣು ಹಿಂದೆ ಹೊರಗಿನ ಒತ್ತಡ ಒಳಗಿನದಕ್ಕಿಂತ 14 ಮಿಲಿಮೀಟರ್ ಕಡಿಮೆಯಿದ್ದಿತು. ಹಿಂದಕ್ಕೆ ಸರಿದಷ್ಟೂ ಅಂತರ ಕುಗ್ಗುತ್ತ ಬಂದು, ಗಾಜಿನ ಬುಡದಲ್ಲಿ ಓಕುಳಿ ವಿರುದ್ಧ ದಿಕ್ಕಿಗೆ ಸರಿಯಿತು. ಆ ಒಂದು ಗೇಣಿನ ಸ್ಥಳದಲ್ಲಿ, ಬಾನೆಟ್ಟಿನ ಬಾಗುವಿಕೆಯನ್ನು ಅನುಸರಿಸಲು ಗಾಳಿ ವೇಗಗೊಳ್ಳುವುದರಿಂದ, ಹೊರಗಿನಿಂದಲೇ ಒಂದು ಸೆಳೆತ ಹುಟ್ಟುತ್ತದೆ. ಕಿಂಡಿ ಎಲ್ಲಿ ಬೇಕೆಂಬುದು ಅಲ್ಲಿಗೆ ನಿಶ್ಚಯವಾಯಿತು.

ಈ ಜ್ಞಾನ ಹೊಸದೇನೂ ಅಲ್ಲ. 1935ರಲ್ಲಿ ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಮೆರೆಡಿತ್ ಎಂಬ ವಿಜ್ಞಾನಿಯು, ವಿಮಾನದ ರೇಡಿಯೇಟರಿಗೆ ಬರುವ ಗಾಳಿಯನ್ನು ಹಿಗ್ಗುವ ನಾಳದಲ್ಲಿ ನಿಧಾನಗೊಳಿಸಿ, ಕಾದ ಮೇಲೆ ಕುಗ್ಗುವ ನಾಳದಿಂದ ಹಿಂದಕ್ಕೆ ಬಿಟ್ಟರೆ, ತಂಪು ಮಾಡುವುದಕ್ಕೆ ತೆರಬೇಕಾದ ಎಳೆತದ ಬಹುಭಾಗವನ್ನು ಮರಳಿ ಪಡೆಯಬಹುದೆಂದು ತೋರಿಸಿದನು. ಎರಡನೆಯ ಮಹಾಯುದ್ಧದ ಮಸ್ಟಾಂಗ್ ವಿಮಾನದ ಹೊಟ್ಟೆಯಡಿಯ ನಾಳ ಆ ತತ್ತ್ವದ ಪ್ರಸಿದ್ಧ ಉದಾಹರಣೆ. 1954ರಲ್ಲಿ ಜಗತ್ತಿನ ಮುಂದೆ ಬಂದ ಮರ್ಸಿಡಿಸ್ 300 ಎಸ್‌ಎಲ್ ಕಾರಿನ ಮುಂದಿನ ಚಕ್ರಗಳ ಹಿಂದೆ ಇರುವ ಕಿವಿರುಗಳು ಎಂಜಿನ್ನಿನ ಉಸಿರನ್ನು ಪಾರ್ಶ್ವಕ್ಕೆ ಬಿಡುವುದಕ್ಕಾಗಿ ಇರತಕ್ಕವು. ಅವು ಆ ಕಾರಿನ ಸೌಂದರ್ಯದ ಅಂಗವಾದುದು ಆಮೇಲಿನ ಮಾತು. 1962ರ ಫೆರಾರಿ 250 ಜಿಟಿಒದ ಮೂತಿಯ ಮೇಲಿನ ಮೂರು ಅರ್ಧಚಂದ್ರಾಕೃತಿಯ ಮುಚ್ಚಳಗಳನ್ನು ತೆಗೆದು ಹೆಚ್ಚಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳಬಹುದಾಗಿತ್ತು. ಆದರೆ ಅದೇ ಕಾರಿನ ಮುಂದಿನ ಚಕ್ರಗಳ ಹಿಂದೆ ಓರೆಯಾಗಿ ಸೀಳಿದ ಹೊರದಾರಿಗಳನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಇದಕ್ಕೆ ವಿರುದ್ಧವಾಗಿ, 1949ರ ಬ್ಯೂಕ್ ಕಾರುಗಳ ಪಕ್ಕದ ದುಂಡು ತೂತುಗಳು ಬಹುಮಟ್ಟಿಗೆ ಅಲಂಕಾರವಾಗಿಯೇ ಉಳಿದು, ಒಂದು ದೀರ್ಘ ಮಿಥ್ಯಾಪರಂಪರೆಗೆ ನಾಂದಿಯಾದುವು. ಇಂದು ಅಂಗಡಿಗಳಲ್ಲಿ ಅಂಟಿಸುವುದಕ್ಕೆ ದೊರೆಯುವ ಪ್ಲಾಸ್ಟಿಕಿನ ಕುರುಡು ಕಿಂಡಿಗಳನ್ನು ಕಂಡಾಗಲೆಲ್ಲ ನನಗೆ ನಿಜವಾಗಿ ನೋವಾಗುತ್ತದೆ. 1945ರ ಸುಮಾರಿಗೆ ಅಮೆರಿಕದ ನಾಕಾ ಸಂಸ್ಥೆ ವಿಮಾನಗಳಿಗಾಗಿ ರೂಪಿಸಿದ, ಮೇಲ್ಮೈಯೊಳಕ್ಕೆ ತಗ್ಗಿದ ಆ ಸುಂದರ ಒಳದಾರಿಯ ಆಕೃತಿಯನ್ನು ಹಿಂದುಮುಂದಾಗಿ ಅಂಟಿಸಿಕೊಂಡ ಕಾರುಗಳನ್ನೂ ಇದೇ ಹೆದ್ದಾರಿಯಲ್ಲಿ ಕಂಡಿದ್ದೇನೆ.

ನಮ್ಮ ಕಾರಿನ ಮೈ ಫೈಬರಿನದು. ಕರ್ನಾಟಕಕ್ಕೆ ಈ ವಸ್ತು ಅಪರಿಚಿತವಲ್ಲ: ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ತಯಾರಿಸಿದ, ರ‍್ಯಾಲಿಗಳಲ್ಲಿ ಹೆಸರು ಮಾಡಿದ ಪುಟ್ಟ ಡಾಲ್ಫಿನ್ ಕಾರಿನ ಮೈಯೂ, ತೊಂಬತ್ತರ ದಶಕದ ಕೊನೆಗೆ ಸ್ಯಾನ್ ಮೋಟರ್ಸ್‌ನವರು ಹೊರತಂದ ಸ್ಟಾರ್ಮ್ ಎಂಬ ತೆರೆದ ಕಾರಿನ ಮೈಯೂ ಇದೇ ಫೈಬರಿನವು. ತಗಡಿನ ಕಾರಾದರೆ ಟಿಂಕರಿಂಗಿನವರ ಬಳಿಗೆ ಹೋಗಬೇಕು. ಫೈಬರಿನ ಕೆಲಸಕ್ಕೆ ನಮ್ಮ ಕರಾವಳಿಯಲ್ಲಿ ದೋಣಿಯವರಿಗಿಂತ ಬಲ್ಲವರು ಬೇರೆ ಯಾರು? ಕಾಸರಕೋಡಿನಲ್ಲಿ ಮೀನುಗಾರಿಕೆಯ ದೋಣಿಗಳಿಗೆ ಫೈಬರು ಹಚ್ಚುವುದರಲ್ಲಿ ಜೀವಮಾನವನ್ನು ಕಳೆದ ಒಬ್ಬ ಮೇಸ್ತ್ರಿಯ ಬಳಿಗೆ ನನ್ನ ಬಾನೆಟ್ಟನ್ನು ಬಿಚ್ಚಿ ಒಯ್ದೆನು. ನಾನು ವಿಷಯವನ್ನು ವಿವರಿಸಲು ತೊಡಗಿದಾಗ ಅವನು ಅರ್ಧದಲ್ಲಿಯೇ ತಲೆಯಾಡಿಸಿ, “ದೋಣಿ ಒಳಗೆ ನೀರು ಬರೂಕೆ ನಾವು ದಾರಿ ಮಾಡೂದು ಬೇಡ, ಹೆಗಡೇರೇ. ಬಂದ ನೀರು ಹೊರಗೆ ಹೋಗೂಕೆ ಮಾತ್ರ ನಾವೇ ತೂತು ಇಡ್ಬೇಕು,” ಎಂದನು. ಅವನಿಗೆ ನಾನು ಇನ್ನೇನನ್ನೂ ಹೇಳಬೇಕಾಗಲಿಲ್ಲ.

ಮೂಲದ ಬಾನೆಟ್ಟಿಗೆ ಗರಗಸ ಹಾಕಲು ನನಗೆ ಮನಸ್ಸಿರಲಿಲ್ಲ, ಅವನಿಗೂ ಇರಲಿಲ್ಲ. ಅದಕ್ಕೆ ಮೇಣವನ್ನು ಚೆನ್ನಾಗಿ ತಿಕ್ಕಿ, ಅದರ ಮೇಲೆಯೇ ಅಚ್ಚನ್ನು ತೆಗೆದು, ಆ ಅಚ್ಚಿನಲ್ಲಿ ಹೊಸ ಬಾನೆಟ್ಟನ್ನು ಎರಕ ಮಾಡುವುದೆಂದು ನಿಶ್ಚಯಿಸಿದೆವು. ಅವನು ಕೆಲಸ ಮಾಡುವ ಕ್ರಮವನ್ನು ಎರಡು ದಿನ ಕುಳಿತು ನೋಡಿದೆನು. ಡಬ್ಬಿಯ ರೆಸಿನ್ನಿಗೆ ಹಾರ್ಡನರನ್ನು ಹನಿಹನಿಯಾಗಿ ಎಣಿಸಿ ಬೆರೆಸುವನು. ಬೆರೆಸಿದ ಮೇಲೆ ಡಬ್ಬಿಯ ಹೊರಮೈಗೆ ಅಂಗೈಯನ್ನು ಇಟ್ಟು ಕಾವನ್ನು ಪರೀಕ್ಷಿಸುವನು. ಮ್ಯಾಟಿನ ತುಂಡನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದಲೇ ಹರಿಯುವನು, ಏಕೆಂದರೆ ಹರಿದ ಅಂಚಿನ ಎಳೆಗಳು ಮುಂದಿನ ತುಂಡಿನೊಡನೆ ಹೆಣೆದುಕೊಳ್ಳುತ್ತವೆ, ಕತ್ತರಿಸಿದ ಅಂಚು ಗೆರೆಯಾಗಿ ಉಳಿಯುತ್ತದೆ. ಕುಂಚವನ್ನು ಎಳೆಯದೆ ಕುಟ್ಟುವನು. ಒಳಗೆ ಸಿಕ್ಕಿದ ಗಾಳಿಯ ಗುಳ್ಳೆಗಳು ಬಿಳಿಯ ಚುಕ್ಕೆಗಳಾಗಿ ಕಂಡು, ಕುಂಚದ ಏಟಿಗೆ ಒಂದೊಂದಾಗಿ ಮಾಯವಾಗುತ್ತಿದ್ದುವು. ಮೇ ತಿಂಗಳೊಳಗೆ ಮುಗಿಸಲೇಬೇಕೆಂದು ಅವನು ಆತುರಪಟ್ಟುದಕ್ಕೂ ಕಾರಣವಿದ್ದಿತು: ಮಳೆ ಹಿಡಿದ ಮೇಲೆ ಗಾಳಿಯ ತೇವಕ್ಕೆ ರೆಸಿನ್ನು ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ.

ಕಿಂಡಿಗಳು ಎರಡು, ಒಂದೊಂದೂ ಒಂದು ಗೇಣು ಅಗಲ, ನಾಲ್ಕು ಬೆರಳು ಉದ್ದ. ಅವುಗಳ ಮುಂಚೂಣಿಯಲ್ಲಿ ಅರ್ಧ ಬೆರಳಿನೆತ್ತರದ ಒಂದು ಏಣನ್ನು ಇಡಿಸಿದೆನು; ಗಾಳಿ ಅದನ್ನು ಹಾರಿ ದಾಟುವಾಗ ಅದರ ಬೆನ್ನಿನಲ್ಲಿ ಒತ್ತಡ ಇನ್ನೂ ತಗ್ಗಿ ಸೆಳೆತ ಹೆಚ್ಚುತ್ತದೆ. ಕಿಂಡಿಯ ಮೇಲಿನ ಓರೆಪಟ್ಟಿಗಳ ವಿಷಯ ಬಂದಾಗ ನಾನು ಮೂಡಭಟ್ಕಳಕ್ಕೆ ಹೋಗಿ, 16ನೆಯ ಶತಮಾನದ ಖೇತಪೈ ನಾರಾಯಣ ದೇವಾಲಯದ ಮುಂದೆ ಬಹಳ ಹೊತ್ತು ನಿಂತೆನು. ಮರಗೆಲಸದ ರೀತಿಯನ್ನು ಕಲ್ಲಿನಲ್ಲಿ ಅನುಕರಿಸಿದ ಆ ದೇವಾಲಯದ ಶಿಲಾಪಟ್ಟಿಕೆಗಳ ತಡಿಕೆ ಗಾಳಿಬೆಳಕುಗಳನ್ನು ಒಳಗೆ ಬಿಟ್ಟು ಮಳೆಯ ಎರಚಲನ್ನು ಹೊರಗೆ ನಿಲ್ಲಿಸುವುದನ್ನು ಬಾಲ್ಯದಿಂದಲೂ ಕಂಡಿದ್ದೆನಾದರೂ, ಪಟ್ಟಿಯಿಂದ ಪಟ್ಟಿಗೆ ಇರುವ ಅಂತರವನ್ನು ಲಕ್ಷ್ಯವಿಟ್ಟು ನೋಡಿದುದು ಅಂದೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ ಸುರಿಯುವ ನಾಡಿನ ಶಿಲ್ಪಿಗೆ ಈ ಲೆಕ್ಕ ಎಷ್ಟು ಮುಖ್ಯವಾಗಿತ್ತೆಂಬುದು ಹೇಳದೆಯೇ ತಿಳಿಯುವಂತಿದೆ. ಗೋಡೆಯ ಪಟ್ಟಿಗೂ ಬಾನೆಟ್ಟಿನ ಪಟ್ಟಿಗೂ ಒಂದು ವ್ಯತ್ಯಾಸವುಂಟು: ಗೋಡೆ ನಿಂತಿದೆ, ಬಾನೆಟ್ಟು ಮಲಗಿದೆ. ಆದುದರಿಂದ ಮೇಲಿನಿಂದ ನೋಡಿದರೆ ಒಳಗಿನ ಎಂಜಿನ್ನು ಕಿಂಚಿತ್ತೂ ಕಾಣದಂತೆ, ಪ್ರತಿಯೊಂದು ಪಟ್ಟಿಯ ಹಿಂದಂಚು ಅದರ ಹಿಂದಿರುವ ಪಟ್ಟಿಯ ಮೇಲೆ ಹೆಂಚಿನಂತೆ ಚಾಚಿಕೊಂಡಿರಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ಮಾತ್ರ ಬಾಯಿ ತೆರೆದಿರಬೇಕು. ಇಷ್ಟಾದರೂ ನಮ್ಮ ಆಷಾಢದ ಮಳೆಯನ್ನು ನಂಬುವಂತಿಲ್ಲವಾದ್ದರಿಂದ, ಕಿಂಡಿಗಳ ಕೆಳಗೆ ಗಾಳಿಗೆ ಅಡ್ಡಿಯಾಗದ ಇಳಿಜಾರಿನಲ್ಲಿ ತೆಳ್ಳನೆಯ ಮರಿಗೆಯೊಂದನ್ನು ಇಟ್ಟು, ಅದರ ನೀರು ಕೊಳವೆಯ ಮೂಲಕ ಚಕ್ರದ ಬದಿಗೆ ಇಳಿಯುವಂತೆ ಮಾಡಿದೆವು. ಆಲ್ಟರ್ನೇಟರಿನ ಮೇಲೆಯಾಗಲಿ ಇಗ್ನಿಷನ್ನಿನ ಕಾಯಿಲಿನ ಮೇಲೆಯಾಗಲಿ ಒಂದು ಹನಿಯೂ ಬೀಳಬಾರದು. ಜಾಲರಿಯನ್ನು ನಾನು ಹಾಕಿಸಲಿಲ್ಲ. ಸಣ್ಣ ಕಣ್ಣಿನ ಜಾಲರಿ ಅರ್ಧ ಕಿಂಡಿಯನ್ನು ನುಂಗುತ್ತದೆ, ಸಮುದ್ರದ ಗಾಳಿಗೆ ಸಾಧಾರಣ ಜಾಲರಿ ಎರಡು ಮಳೆಗಾಲವನ್ನೂ ಕಾಣುವುದಿಲ್ಲ.

ಕಿಂಡಿಗಿಂತ ಹೆಚ್ಚಿನ ಫಲವನ್ನು ಕೊಟ್ಟುದು, ಹೊರಗಿನಿಂದ ಯಾರಿಗೂ ಕಾಣದ ಇನ್ನೊಂದು ಕೆಲಸವೆಂದು ತೋರುತ್ತದೆ. ರೇಡಿಯೇಟರಿನ ಸುತ್ತಲೂ, ಮುಖ್ಯವಾಗಿ ಅದರ ಎರಡು ಪಾರ್ಶ್ವಗಳಲ್ಲಿ, ಮೂರು ಮೂರು ಬೆರಳಿನ ಸಂದುಗಳಿದ್ದುವು. ಸುಲಭದ ದಾರಿಯಿರುವಾಗ ಗಾಳಿ ಕಷ್ಟದ ದಾರಿಯನ್ನೇಕೆ ಹಿಡಿದೀತು? ಅದು ರೇಡಿಯೇಟರಿನ ರೆಕ್ಕೆಗಳ ನಡುವೆ ನುಸುಳುವ ಶ್ರಮವನ್ನು ಬಿಟ್ಟು, ಸಂದಿಯಿಂದ ಹಾದುಹೋಗಿ, ತಾನು ಏನನ್ನೂ ತಣಿಸದೆ ಒಳಗಿನ ಕೋಣೆಯನ್ನು ಮಾತ್ರ ತುಂಬುತ್ತಿದ್ದಿತು. ಅಲ್ಯೂಮಿನಿಯಮ್ಮಿನ ಹಾಳೆಯನ್ನು ಬಾಗಿಸಿ, ಅಂಚಿಗೆ ಸ್ಪಂಜಿನ ಪಟ್ಟಿಯನ್ನು ಕೊಟ್ಟು, ಆ ಸಂದುಗಳನ್ನೆಲ್ಲ ಮುಚ್ಚಿದೆನು.

ಕಾನೂನಿನ ವಿಷಯವನ್ನೂ ಹೇಳದೆ ಮುಂದುವರಿಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೆಲಸಕ್ಕೆ ಕೈ ಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ವಿಹಿತ. ಮೂಲದ ಬಾನೆಟ್ಟು ನಮ್ಮ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ, ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು, ಒಂದು ಗೀರೂ ಇಲ್ಲದೆ ಇದೆ. ನಾಲ್ಕು ಬೋಲ್ಟುಗಳ ಕೆಲಸದಲ್ಲಿ ಕಾರನ್ನು ಅದರ ಜನ್ಮರೂಪಕ್ಕೆ ಮರಳಿಸಬಹುದು.

ಹೊಸ ಬಾನೆಟ್ಟನ್ನು ಕೂರಿಸಿ ಮತ್ತೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗನು ಓದಿದಾಗ, ಮೊದಲು 11 ಇದ್ದ ಅಂಕೆ 18ಕ್ಕೆ ಬಂದಿದ್ದಿತು. ಗಾಳಿಯ ಪ್ರಮಾಣ ಒತ್ತಡದ ವರ್ಗಮೂಲವನ್ನು ಸರಿಸುಮಾರಾಗಿ ಅನುಸರಿಸುವುದರಿಂದ, ರೇಡಿಯೇಟರನ್ನು ಹಾಯುವ ಗಾಳಿ ಮೊದಲಿಗಿಂತ ಕಾಲು ಪಾಲಿಗೂ ಮಿಕ್ಕಿ ಹೆಚ್ಚಿತೆಂದು ಲೆಕ್ಕ ಹಾಕಿದೆನು. ಏರ್ ಫಿಲ್ಟರಿನ ಬಾಯಲ್ಲಿ ಇಟ್ಟ ಉಷ್ಣಮಾಪಕ, ಹೊರಗೆ 33 ಡಿಗ್ರಿಯಿದ್ದಾಗ, ಮೊದಲು 58 ತೋರಿಸುತ್ತಿದ್ದುದು ಈಗ 44ರಲ್ಲಿ ನಿಂತಿತು. ಹತ್ತು ಡಿಗ್ರಿ ಹೆಚ್ಚು ಕಾದ ಗಾಳಿ ಶೇಕಡಾ 3ರಷ್ಟು ವಿರಳವಾಗುವುದರಿಂದ, ಎಂಜಿನ್ನಿನ ಉಸಿರಿಗೂ ಇದರಿಂದ ಲಾಭವಾಗದಿರದು. ಆದರೆ ಗೇರುಸೊಪ್ಪೆಯಿಂದ ಮಾವಿನಗುಂಡಿಯ ಕಡೆಗೆ ಘಟ್ಟವನ್ನು ಏರುವಾಗ, ಎರಡನೆಯ ಗೇರಿನಲ್ಲಿ, ಲಾರಿಯ ಹಿಂದೆ ಗಂಟೆಗೆ 20 ಕಿಲೋಮೀಟರಿನಲ್ಲಿ ತೆವಳುವಾಗ, ಈ ಸೆಳೆತದಿಂದ ಏನೂ ಪ್ರಯೋಜನವಿಲ್ಲವೆಂಬುದನ್ನು ಓದುಗರು ತಿಳಿದಿರಬೇಕು. ಆ ವೇಗದಲ್ಲಿ ಎದುರುಗಾಳಿಯ ಒತ್ತಡ ಎರಡು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅಲ್ಲಿ ಕೆಲಸ ಮಾಡತಕ್ಕದ್ದು ಫ್ಯಾನು. ಕಿಂಡಿ ಮಾಡುವ ಉಪಕಾರ, ಫ್ಯಾನು ಹಿಂದಕ್ಕೆ ಎಸೆದ ಬಿಸಿಗಾಳಿ ಮತ್ತೆ ಸುತ್ತಿಬಂದು ರೇಡಿಯೇಟರಿನ ಮುಂದೆಯೇ ನಿಲ್ಲದೆ ತಾನಾಗಿ ಮೇಲೇರುವುದಕ್ಕೆ ಎಡೆ ಕೊಡುವುದು, ಅಷ್ಟೆ. ನಿಂತಾಗ ಕಾರು ಬಿಸಿಯಾಗುವುದೆನ್ನುವವರು ಮೊದಲು ಫ್ಯಾನನ್ನೂ ಅದರ ಸುತ್ತಣ ಕವಚವನ್ನೂ ರೇಡಿಯೇಟರಿನ ಮುಚ್ಚಳದ ರಬ್ಬರನ್ನೂ ಪರೀಕ್ಷಿಸಿಕೊಳ್ಳಲಿ; 0.9 ಬಾರ್ ಒತ್ತಡವನ್ನು ಹಿಡಿಯುವ ಮುಚ್ಚಳ ನೀರಿನ ಕುದಿಬಿಂದುವನ್ನು 118 ಡಿಗ್ರಿಯವರೆಗೆ ಏರಿಸುತ್ತದೆ, ಸೋರುವ ಮುಚ್ಚಳ ಆ ಅನುಕೂಲವನ್ನೆಲ್ಲ ಕಳೆದುಬಿಡುತ್ತದೆ.

ಜೂನಿನ ಮೊದಲ ಮಳೆ ನನಗೆ ಸಿಕ್ಕಿದುದು ಕುಮಟೆಯಿಂದ ಮರಳುವಾಗ, ಶರಾವತಿಯ ಸೇತುವೆಯ ಮೇಲೆ. ಮಾಡನ್ನು ಎಳೆದು ಮುಚ್ಚಿಕೊಂಡು, ಸೇತುವೆಯನ್ನು ದಾಟಿ ಕಾಸರಕೋಡಿನಲ್ಲಿ ಮೇಸ್ತ್ರಿಯ ಚಪ್ಪರದ ಎದುರಿಗೆ ಕಾರನ್ನು ನಿಲ್ಲಿಸಿದೆನು. ಎರಡು ಕಿಂಡಿಗಳಿಂದಲೂ ಆವಿ, ಅನ್ನದ ಪಾತ್ರೆಯ ಮುಚ್ಚಳವನ್ನು ಓರೆ ಮಾಡಿದಾಗ ಬರುವಂತೆ, ಪಟ್ಟಿಪಟ್ಟಿಯಾಗಿ ಏಳುತ್ತಿದ್ದಿತು. ಮೇಸ್ತ್ರಿ ಗೊರಬನ್ನು ಸೂಡಿಕೊಂಡು ಹೊರಗೆ ಬಂದು, ಆವಿಯ ಕಡೆಗೆ ನೋಡದೆ, ಬಲಗಡೆಯ ಚಕ್ರದ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು, ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಅಂಗೈಯಲ್ಲಿ ಹಿಡಿದು, ಅದು ತಣ್ಣಗಿದೆಯೆಂಬುದನ್ನು ನನಗೂ ಮುಟ್ಟಿಸಿ ತೋರಿಸಿದನು. ಬಳಿಕ ಎಡಗಡೆಗೆ ಹೋಗಿ, ಚಕ್ರದ ಹಿಂದಣ ಮಡ್‌ಗಾರ್ಡಿನ ಮೇಲೆ ಹಸ್ತವನ್ನಿಟ್ಟು, ಥಟ್ಟನೆ ತೆಗೆದನು. ಸೈಲೆನ್ಸರಿನ ಪೈಪು ಆ ಬದಿಯಿಂದ ಹಾದುಹೋಗುವುದರಿಂದ ಅಲ್ಲಿಯ ಬಿಸಿ ಇನ್ನೂ ತಗ್ಗಿಲ್ಲ. ಚಕ್ರದ ಹಿಂದೆ ಒಂದು ಕಿವಿರನ್ನು ತೆರೆಯಬಹುದು. ಆದರೆ ಉರುಳುವ ಚಕ್ರ ತನ್ನ ಗೂಡಿನೊಳಕ್ಕೆ ಗಾಳಿಯನ್ನೂ ಚಿರೆಕಲ್ಲಿನ ಕೆಂಪು ರಾಡಿಯನ್ನೂ ನೂಕುತ್ತಲೇ ಇರುವುದರಿಂದ, ಅಲ್ಲಿ ಗಾಳಿ ಹೊರಟೀತೋ ಹೊಕ್ಕೀತೋ ಎಂಬುದನ್ನು ಮೊದಲು ನೋಡಬೇಕು. ಮಳೆ ಬಿಟ್ಟ ಮೊದಲ ಭಾನುವಾರಕ್ಕಾಗಿ ಕೆಂಪು ಉಣ್ಣೆಯ ದಾರವನ್ನು ಕತ್ತರಿಸಿ ಇಟ್ಟಿದ್ದೇನೆ.